ಕಂಬ ನಡೆಸಿದ ಲೆಕ್ಕಿಗ

ರಾತ್ರಿ ಅಡುಗೆಮನೆಯ ಪಾತ್ರೆ ಸದ್ದು ಅಡಗಿದ ಮೇಲೆ ಮೂಕಿ ಸಿನಿಮಾ ಹಾಕಿಕೊಂಡು ಕೂರುವುದು ನನ್ನ ಚಟ. ವಾಲ್ಯೂಮ್ ಸೊನ್ನೆ. ಯಾರಿಗೂ ಉಪದ್ರವವಿಲ್ಲ. ಒಂದು ರಾತ್ರಿ ಹಾಲಿಗೆ ಹೆಪ್ಪು ಹಾಕಿ ಬಂದ ನನ್ನಾಕೆ ಪರದೆ ನೋಡಿ, "ರೀ, ಇದೇನು ಕಂಬ ನಡೀತಿದೆ?" ಎಂದಳು.

ನಡೆಯುತ್ತಿದ್ದದ್ದು ಕ್ಯಾಮೆರಾ. ಚಿತ್ರ 1914ರ 'ಕಬೀರಿಯಾ'. ನಿರ್ದೇಶಕ ಟ್ಯೂರಿನ್ನಿನ ಜೊವಾನ್ನಿ ಪಾಸ್ತ್ರೋನೆ. ಆ ಕಾಲದ ಕ್ಯಾಮೆರಾ ಹೆಚ್ಚಾಗಿ ಕಂಪನಿ ನಾಟಕದ ಮುಂದಿನ ಸಾಲಿನ ಗೌಡರ ಹಾಗೆ. ಒಮ್ಮೆ ಕೂತರೆ ಮುಗಿಯುವತನಕ ಏಳದು. ಪಾಸ್ತ್ರೋನೆ ಅದನ್ನು ಗಾಲಿ ಬಂಡಿಯ ಮೇಲೆ ಕೂರಿಸಿದ, 1912ರಲ್ಲೇ ಬಂಡಿಗೆ ಪೇಟೆಂಟನ್ನೂ ಮಾಡಿಸಿಕೊಂಡ. ಚಿತ್ರ ಕಂಪನಿಗೆ ಲೆಕ್ಕ ಬರೆಯಲು ಸೇರಿದ್ದವನಲ್ಲವೇ! ದುಡ್ಡು ಸುರಿದು ಕಟ್ಟಿಸಿದ ಅರಮನೆಯನ್ನು ಜನ ಬಣ್ಣ ಬಳಿದ ಪರದೆ ಎಂದುಕೊಂಡರೆ ಹೊಟ್ಟೆ ಉರಿಯದೆ? ಬಂಡಿ ಓರೆಯಾಗಿ, ಇರುವೆಯಷ್ಟು ಮೆಲ್ಲಗೆ ಹೊರಡುತ್ತದೆ. ಹತ್ತಿರದ ಕಂಬ ಬೇಗ ಸರಿಯುತ್ತದೆ, ಹಿಂದಿನದು ಒಲ್ಲದ ಮನಸ್ಸಿನಿಂದ. ಎರಡರ ನಡುವೆ ಒಬ್ಬ ಮನುಷ್ಯ ಓಡಾಡುವಷ್ಟು ಜಾಗ ಹುಟ್ಟಿಕೊಳ್ಳುತ್ತದೆ. ಆ ಜಾಗಕ್ಕಾಗಿಯೇ ನಾನು ಈ ಚಿತ್ರಕ್ಕೆ ಮತ್ತೆ ಮತ್ತೆ ಹೋಗುವುದು.

ಕಥೆಯಲ್ಲಿ ಎಟ್ನಾ ಸಿಡಿಯುತ್ತದೆ, ಹ್ಯಾನಿಬಲ್ಲನ ಆನೆಗಳು ಆಲ್ಪ್ಸ್ ಹತ್ತುತ್ತವೆ, ಆರ್ಕಿಮಿಡೀಸ್ ಕನ್ನಡಿಯಿಂದ ಹಡಗು ಸುಡುತ್ತಾನೆ. ಕಾರ್ತೇಜಿನಲ್ಲಿ ಮೊಲೊಕ್ ದೇವರ ಬೆಂಕಿಗೆ ಬೀಳಬೇಕಿದ್ದ ಹುಡುಗಿಯನ್ನು ಎತ್ತಿಕೊಂಡು ಬರುವವನು ಮಚಿಸ್ತೆ. ಆ ಪಾತ್ರದ ಬಾರ್ತೊಲೊಮೆಯೊ ಪಗಾನೊ ಜಿನೋವಾ ಬಂದರಿನಲ್ಲಿ ಮೂಟೆ ಹೊರುತ್ತಿದ್ದವ. ಆಮೇಲೆ ಮಚಿಸ್ತೆ ಹೆಸರಿನಲ್ಲೇ ಚಿತ್ರದ ಮೇಲೆ ಚಿತ್ರ ಬಂದವು. ಪಾತ್ರಗಳಿಗೆ ಹೆಸರುಗಳನ್ನಿಟ್ಟು, ದೃಶ್ಯಗಳ ನಡುನಡುವಿನ ಬರಹ ತಿದ್ದಿಕೊಟ್ಟವನು ಕವಿ ದಾನ್ನುನ್ಸಿಯೊ. ಸಾಲ ಕೊಟ್ಟವರ ಕಾಟಕ್ಕೆ ಫ್ರಾನ್ಸಿಗೆ ಓಡಿದ್ದ ಅವನಿಗೆ ದೊಡ್ಡ ಮೊತ್ತ ಸಂದಿತು, ಚಿತ್ರದ ಕರ್ತೃವೆಂದು ಜಾಹೀರಾತಿನಲ್ಲಿ ಮೆರೆದದ್ದೂ ಅವನೇ. ಪಾಸ್ತ್ರೋನೆ ಹಿಂದೆ ಸರಿದು ನಿಂತ. ಆಮೇಲಿನ 'ಇಲ್ ಫ್ವೋಕೊ'ವನ್ನಂತೂ ಪಿಯೆರೊ ಫೋಸ್ಕೊ ಎಂಬ ಸುಳ್ಳು ಹೆಸರಿನಲ್ಲೇ ಮಾಡಿದ. ನಮ್ಮ ನಿರ್ಮಾಪಕರು ಓದಬೇಕಾದ ಜಾತಕ!

1920ರ ದಶಕದ ಆರಂಭಕ್ಕೆ ಸಿನಿಮಾದ ಸಹವಾಸವನ್ನೇ ಬಿಟ್ಟು ವೈದ್ಯಕೀಯ ಸಂಶೋಧನೆಗೆ ಬಿದ್ದವನು, 1959ರಲ್ಲಿ ಟ್ಯೂರಿನ್ನಿನಲ್ಲೇ ತೀರಿಕೊಂಡ. ನಡುವೆ ಒಮ್ಮೆ ಮಾತ್ರ ಕೈ ತಡೆಯಲಿಲ್ಲ: 1931ರಲ್ಲಿ 'ಕಬೀರಿಯಾ'ವನ್ನು ಕತ್ತರಿಸಿ, ಜೋಡಿಸಿ, ಸದ್ದು ಸೇರಿಸಿ ಮತ್ತೆ ಬಿಡುಗಡೆ ಮಾಡಿದ. 1914ರ ಏಪ್ರಿಲ್ 18ರ ಮೊದಲ ಪ್ರದರ್ಶನಕ್ಕೇ ವಾದ್ಯಮೇಳವಿತ್ತು, ಮೊಲೊಕ್ ದೃಶ್ಯಕ್ಕೆಂದೇ ಪಿತ್ಸೆತ್ತಿ ಸಂಗೀತ ಬರೆದಿದ್ದ. ಹಾಗಾಗಿ ಮೌನದ ಪರ ವಾದಿಸಲು ನನಗೆ ಹಕ್ಕಿಲ್ಲ.

"ಹಿಂದಕ್ಕೆ ಹಾಕ್ರೀ," ಎಂದಳು ನನ್ನಾಕೆ, ಕುರ್ಚಿ ಎಳೆದುಕೊಂಡು. "ಸೌಂಡ್ ಬೇಡ, ಮಗು ಏಳತ್ತೆ."