ಕೊಂಬು ಇಲ್ಲವೋ, ಮುರಿದಿದೆಯೋ?

"ಸೊಳ್ಳೆ ಸಿಪ್ಪೆ ನೋಡೋಕೆ ಅಷ್ಟೊಂದು ಸಾಲ ಮಾಡ್ಕೊಂಡು ಇಂಗ್ಲೆಂಡಿಗೆ ಹೋದ್ಯಾ?" ವಿಡಿಯೊ ಕಾಲ್‌ನಲ್ಲಿ ಅಮ್ಮ ಕೇಳಿದಾಗ ನಗು ಬಂತು, ಉತ್ತರ ಬರಲಿಲ್ಲ. ಹೆಚ್ಚೂಕಡಿಮೆ ನಿಜವೇ ಆಗಿತ್ತಲ್ಲ!

ಅದು ಸೊಳ್ಳೆಯಲ್ಲ, ಸೊಳ್ಳೆಯ ಹಾಗೆ ಕಾಣುವ ಕೈರೊನೊಮಿಡ್ ಎಂಬ ಕಚ್ಚದ ಹುಳ. ಬೆಂಗಳೂರಿನಲ್ಲಿ ಕೆರೆ ಪಕ್ಕ ಮನೆ ಇರುವವರಿಗೆ ಇದು ಗೊತ್ತು. ಸಂಜೆ ಟ್ಯೂಬ್‌ಲೈಟ್ ಹಾಕಿದರೆ ಗೋಡೆ ತುಂಬಾ ಬಂದು ಕೂರುತ್ತೆ. ಮರಿ ಬೆಳೆಯುವುದು ನೀರಿನ ತಳದ ಕೆಸರಲ್ಲಿ. ಕೆಲವು ಜಾತಿಯ ಮರಿಗಳು ನಮ್ಮ ರಕ್ತದಂತೆ ಕೆಂಪು. ಆಮ್ಲಜನಕ ಕಡಿಮೆ ಇರುವ ಕೊಳಕು ನೀರಲ್ಲೂ ಬದುಕಲು ಅವುಗಳ ಹಿಮೋಗ್ಲೋಬಿನ್ ನೆರವಾಗುತ್ತೆ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿಗೆ ಹಾಕಲು ಮಾರುವ 'ಬ್ಲಡ್ ವರ್ಮ್' ಇದೇ. ಮರಿ ಪ್ಯೂಪಾ ಆಗಿ, ಮೇಲಕ್ಕೆ ತೇಲಿ ಬಂದು, ಬೆನ್ನು ಬಿರಿದು ಹುಳ ಹಾರಿಹೋಗುತ್ತೆ. ಹಾವಿನ ಪೊರೆಯಂಥ ಖಾಲಿ ಸಿಪ್ಪೆ ಒಂದೆರಡು ದಿನ ನೀರಿನ ಮೇಲೆ ತೇಲುತ್ತಿರುತ್ತೆ.

ನನ್ನ ಎಂ.ಎಸ್‌ಸಿ. ಪ್ರಾಜೆಕ್ಟ್ ಈ ಪೊರೆಗಳ ಮೇಲೆ. ಕೆಸರು ಕೆದಕಿ ಮರಿ ಹಿಡಿದರೂ ಎಷ್ಟೋ ಜಾತಿಗಳ ಮರಿಗಳು ನೋಡಲು ಒಂದೇ ಥರ. ಪೊರೆಯಲ್ಲಿ ಹಾಗಲ್ಲ. ಒಳಗೆ ಮಾಂಸವಿಲ್ಲ, ಗಾಜಿನಂತೆ ಪಾರದರ್ಶಕ. ಮೈಕ್ರೋಸ್ಕೋಪಿನಡಿ ಒಂದೊಂದು ಮುಳ್ಳೂ ಕೂದಲೂ ಕಾಣುತ್ತೆ, ಹುಳ ಗಂಡೋ ಹೆಣ್ಣೋ ಎನ್ನುವುದೂ ತಿಳಿಯುತ್ತೆ. ಈ ಪೊರೆಗಳನ್ನು ಸಂಗ್ರಹಿಸಿ ನೋಡಿ ಅಂತ ಜರ್ಮನಿಯ ಆಗಸ್ಟ್ ಥೀನೆಮನ್ 1910ರಲ್ಲೇ ಬರೆದಿದ್ದರು. ಬ್ರಿಟನ್ ಒಂದರಲ್ಲೇ 600ಕ್ಕೂ ಹೆಚ್ಚು ಜಾತಿಗಳಿವೆ. ಕೆಲವು ಕೊಳಚೆಯಲ್ಲೂ ಬದುಕುತ್ತವೆ, ಕೆಲವು ತಡೆಯಲ್ಲ. ಹಾಗಾಗಿ ಯಾರ ಪೊರೆ ಎಷ್ಟು ಸಿಕ್ಕಿತು ಎನ್ನುವುದರಿಂದ ಹೊಳೆಯ ಆರೋಗ್ಯ ಹೇಳಬಹುದು.

ಸಂಗ್ರಹ ಸುಲಭ. ಬಿದ್ದ ಕೊಂಬೆಯ ಹಿಂದೆ ನೊರೆ ನಿಂತಿರುತ್ತೆ. ಮೇಲಿನಿಂದ ತೇಲಿಬಂದ ಪೊರೆಗಳೆಲ್ಲ ಅಲ್ಲೇ ಜಮಾ. ಕಾಲು ಮಿಲಿಮೀಟರ್ ಕಣ್ಣಿನ ಬಲೆ ಆಡಿಸಿದರೆ ಸಾಕು. ಕಷ್ಟ ಶುರುವಾಗುವುದು ಲ್ಯಾಬ್‌ನಲ್ಲಿ. ಒಂದು ಜಾಗದಿಂದ 200 ಪೊರೆ ಎಣಿಸಿ, ಒಂದೊಂದನ್ನೂ ಚಿಮಟದಲ್ಲಿ ಹಿಡಿದು, ಎದೆ ಭಾಗ ಬೇರೆ, ಹೊಟ್ಟೆ ಭಾಗ ಬೇರೆ ಮಾಡಿ ಸ್ಲೈಡ್ ಮೇಲೆ ಇಡಬೇಕು. ಆಮೇಲೆ ಪೀಟರ್ ಲ್ಯಾಂಗ್ಟನ್ ಅವರ 1991ರ ಪುಸ್ತಕ ತೆರೆದು ಒಂದೊಂದೇ ಪ್ರಶ್ನೆಗೆ ಉತ್ತರ ಕೊಡುತ್ತಾ ಹೋಗಬೇಕು. ಎಂಟನೇ ಖಂಡದ ಮೂಲೆಯಲ್ಲಿ ಮುಳ್ಳು ಇದೆಯಾ? ಬಾಲದ ತುದಿಗೆ ಜಾಲರಿಯಂಥ ಕೂದಲಿದೆಯಾ? ಎದೆಯ ಮೇಲೆ ಉಸಿರಾಟದ ಕೊಂಬು ಇದೆಯಾ, ಇದ್ದರೆ ಕೊಳವೆಯಂತೆಯೋ, ಪೊದೆಯಂತೆ ಕವಲೊಡೆದಿದೆಯೋ? ಲ್ಯಾಟಿನ್ ಹೆಸರು ಹೇಳಿ ನಿಮ್ಮ ತಲೆ ತಿನ್ನಲ್ಲ. ಒಂದು ಉತ್ತರ ತಪ್ಪಿದರೆ ಬೇರೆ ಊರಿನ ಬಸ್ ಹತ್ತಿದ ಹಾಗೆ, ಅಷ್ಟೆ.

ನಾನು ಹತ್ತಿದ್ದು ಅದೇ ಬಸ್ಸು. ಕೊಳಚೆ ನೀರು ಶುದ್ಧ ಮಾಡುವ ಘಟಕವೊಂದರ ನೀರು ಹೊಳೆಗೆ ಸೇರುವ ಜಾಗದ ಮೇಲೊಂದು, ಕೆಳಗೊಂದು ಸ್ಯಾಂಪಲ್ ತೆಗೆದಿದ್ದೆ. ಕೆಳಗಿನದರಲ್ಲಿ 43 ಪೊರೆಗಳು 'ಕೊಂಬು ಇಲ್ಲ' ಎಂಬ ಹಾದಿ ಹಿಡಿದು, ಕೊಳೆ ಸಹಿಸದ ಒಂದು ಜಾತಿಗೆ ಬಂದು ನಿಂತವು. ಅಂದರೆ ಕೆಳಗೂ ಹೊಳೆ ಚೆನ್ನಾಗಿದೆ! ಖುಷಿಯಿಂದ ಅರ್ಧ ಥೀಸಿಸ್ ಬರೆದೂ ಆಗಿತ್ತು.

ಗೈಡ್ ಒಂದು ಸ್ಲೈಡ್ ನೋಡಿ, ಫೋಕಸ್ ತಿರುಗಿಸುತ್ತಾ ಮೆಲ್ಲಗೆ ಕೇಳಿದರು, "ಕೊಂಬು ಇಲ್ಲವೋ, ಮುರಿದಿದೆಯೋ?"

ನೋಡಿದೆ. ಎದೆಯ ಮೇಲೆ ಕೊಂಬಿನ ಚಿಕ್ಕ ಬುಡ ಉಳಿದಿತ್ತು. ಮುರಿದಿದ್ದು ನಾನೇ, ಬೇಗ ಮುಗಿಸಬೇಕೆಂಬ ಆತುರದಲ್ಲಿ ಚಿಮಟದಿಂದ.

ಸಲ್ಲಿಸಲು 11 ದಿನ ಉಳಿದಿತ್ತು. ಗೈಡ್ ನೋಡಿದ್ದು ಒಂದೇ ಸ್ಲೈಡ್. ಅದೊಂದನ್ನು ತಿದ್ದಿ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ರಾತ್ರಿ ನಿಜಕ್ಕೂ ಹಾಗೇ ಮಾಡೋಣ ಅನ್ನಿಸಿತ್ತು, ಸುಳ್ಳು ಹೇಳಲ್ಲ. ಬೆಳಿಗ್ಗೆ ಎದ್ದು ಲ್ಯಾಬ್‌ಗೆ ಹೋಗಿ 43ನ್ನೂ ಮತ್ತೆ ನೋಡಿದೆ. 29ರಲ್ಲಿ ಬುಡವಿತ್ತು. ಅವು ಕೊಳಚೆ ತಡೆಯುವ ಇನ್ನೊಂದು ಜಾತಿಯವು. ಹೊಳೆಯ ಕೆಳಭಾಗ ಚೆನ್ನಾಗಿರಲಿಲ್ಲ. ಮೂರು ಅಧ್ಯಾಯ ಅಳಿಸಿದೆ. ಯಾಕೆ ಅಳಿಸಿದೆ ಎಂಬುದನ್ನೂ ಥೀಸಿಸ್‌ನಲ್ಲೇ ಒಂದು ಪ್ಯಾರಾ ಬರೆದೆ. ಆ ಪ್ಯಾರಾ ಬರೆಯೋಕೇ ಹೆಚ್ಚು ಹೊತ್ತು ಹಿಡಿಯಿತು.

ಮೊನ್ನೆ ಅಮ್ಮ ವಾಟ್ಸಾಪ್‌ನಲ್ಲಿ ಟ್ಯೂಬ್‌ಲೈಟ್ ಪಕ್ಕದ ಗೋಡೆಯ ಫೋಟೊ ಕಳಿಸಿದ್ದರು. "ಇದ್ಯಾವುದು ಹೇಳು, ಓದಿದ್ದೀಯಲ್ಲ."

ಮುಂಗಾಲು ಎತ್ತಿ ಕೂತಿತ್ತು. ಸೊಳ್ಳೆಯಾದರೆ ಸಾಮಾನ್ಯವಾಗಿ ಹಿಂಗಾಲು ಎತ್ತುತ್ತೆ. ಮೀಸೆ ಗರಿಯಂತೆ ದಟ್ಟವಾಗಿತ್ತು. "ಕಚ್ಚಲ್ಲ ಅಮ್ಮ, ಗಂಡು" ಅಂದೆ.

"ಹೆಸರು?"

"ಫೋಟೊದಲ್ಲಿ ಗೊತ್ತಾಗಲ್ಲ. ನನ್ನ ಹತ್ರ ಇರೋ ಪುಸ್ತಕ ಯುರೋಪಿನ ಕಡೆಯ ಹುಳಗಳದ್ದು. ಕೆರೆ ಅಂಚಿನ ನೊರೆ ಒಂದು ಬಾಟಲಿಗೆ ತುಂಬಿಡು, ಬಂದು ನೋಡ್ತೀನಿ."

"ಥೂ, ಆ ನೊರೆ ನಾನು ಮುಟ್ತೀನಾ?"

ಡಿಸೆಂಬರ್‌ಗೆ ಟಿಕೆಟ್ ಬುಕ್ ಆಗಿದೆ. ಬಲೆ ನಾನೇ ತರ್ತೀನಿ ಅಂದೆ.