ಬಚ್ಚಲುಮನೆಯ ಜೀರ್ಣೋದ್ಧಾರ

ದೇವಾಲಯದ ಜೀರ್ಣೋದ್ಧಾರಕ್ಕೆ ತೊಡಗುವವರು ಮೊದಲಿಗೇ ಗರ್ಭಗುಡಿಯ ಕಲ್ಲನ್ನು ಮುಟ್ಟುವುದಿಲ್ಲ. ಮೂರ್ತಿಯ ಸಾನ್ನಿಧ್ಯವನ್ನು ಕಲಶದ ನೀರಿಗೆ ಬರಮಾಡಿಕೊಂಡು, ಪಕ್ಕದಲ್ಲಿ ಕಟ್ಟಿದ ಬಾಲಾಲಯದಲ್ಲಿ ನೆಲೆಗೊಳಿಸಿ, ಅಲ್ಲಿ ನಿತ್ಯಪೂಜೆಯು ತಪ್ಪದಂತೆ ಏರ್ಪಡಿಸಿದ ಬಳಿಕವೇ ಉಳಿಯ ಪೆಟ್ಟು ಬೀಳತಕ್ಕದ್ದೆಂಬುದು ಆಗಮದ ಕ್ರಮ. ಮನೆಯ ಬಚ್ಚಲನ್ನು ಕೆಡವಿ ಕಟ್ಟಿಸುವವರಲ್ಲಿ ಈ ವಿವೇಕವು ಅಪರೂಪವಾಗಿಯೇ ಕಾಣುತ್ತದೆ. ಗೋಡೆಗೆ ಯಾವ ಬಣ್ಣದ ಬಿಲ್ಲೆಯೆಂದು ತಿಂಗಳುಗಟ್ಟಲೆ ಆಲೋಚಿಸುವ ಗೃಹಸ್ಥನು, ಕೆಲಸ ಮುಗಿಯುವವರೆಗೆ ಮನೆಯ ಮಂದಿ ಎಲ್ಲಿ ಮೀಯಬೇಕೆಂಬುದನ್ನು ಮೇಸ್ತ್ರಿಯು ಬಂದು ಬಾಗಿಲಲ್ಲಿ ನಿಂತಾಗ ನೆನೆಯುತ್ತಾನೆ.

ಬೇಗೂರಿನಂತಹ ಊರಿನಲ್ಲಿ ಹಿಂದೆ ಈ ಚಿಂತೆಯೇ ಇರಲಿಲ್ಲ. ನಾಗೇಶ್ವರನ ಗುಡಿಯನ್ನೂ, ಕ್ರಿ.ಶ. ಸುಮಾರು 890ರಲ್ಲಿಯೇ ಬೆಂಗಳೂರೆಂಬ ಹೆಸರನ್ನು ಕಲ್ಲಿನಲ್ಲಿ ಕಂಡ ಶಾಸನವನ್ನೂ ಪಡೆದ ಈ ಹಳೆಯ ಊರಿನಲ್ಲಿ, ಬಚ್ಚಲೆಂದರೆ ಹಿತ್ತಿಲ ಕಡೆಯ ಒಂದು ಮೂಲೆ: ನಾಲ್ಕು ಕಲ್ಲುಚಪ್ಪಡಿ, ಒಲೆಯ ಮೇಲೆ ಹೂಳಿದ ತಾಮ್ರದ ಹಂಡೆ, ಬಾಳೆಯ ಬುಡಕ್ಕೆ ಹರಿಯುವ ಒಂದು ಮೋರಿ. ಚಪ್ಪಡಿ ಅಲುಗಿದರೆ ಎತ್ತಿ ಮಣ್ಣು ಬಡಿದು ಕೂರಿಸಿದರೆ ಮುಗಿಯಿತು. ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಬಳ್ಳಿ ಸುತ್ತುವುದೇ ಅದರ ವರ್ಷಾವಧಿಯ ಜೀರ್ಣೋದ್ಧಾರ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2007ರಲ್ಲಿ ರಚಿತವಾದಾಗ ಊರು ನಗರದೊಳಗೆ ಸೇರಿತು. ಹಿತ್ತಿಲುಗಳ ಮೇಲೆ ಮಹಡಿಗಳೆದ್ದುವು. ಬಚ್ಚಲು ಮಲಗುವ ಕೋಣೆಯ ಪಕ್ಕಕ್ಕೆ ಬಂದಿತು. ಅದರ ನೆಲವು ಕೆಳಗಿನವರ ಚಾವಣಿಯಾಯಿತು. ಈಗ ಅದನ್ನು ಒಡೆಯುವುದೆಂದರೆ ಇಡೀ ಮನೆಯ ದಿನಚರಿಯನ್ನೇ ಒಡೆದಂತೆ.

ಅಂತಹ ಮನೆಯೊಂದನ್ನು ಊಹಿಸಿಕೊಳ್ಳೋಣ. ಗೋಡೆಯಲ್ಲಿ ತೇವ ಏರಿದೆ, ನೆಲ ಜಾರುತ್ತಿದೆ. ಮಗನು ಕೆಲಸಕ್ಕೆ ದಿನ ಗೊತ್ತುಮಾಡಿದ್ದಾನೆ. ಎಂಬತ್ತು ದಾಟಿದ ತಾಯಿಯು ಬಣ್ಣವನ್ನು ಕೇಳುವುದಿಲ್ಲ, ಬೆಲೆಯನ್ನು ಕೇಳುವುದಿಲ್ಲ. “ನಾಳೆ ನನ್ನ ಸ್ನಾನ ಎಲ್ಲಪ್ಪಾ?” ಎಂದಷ್ಟೇ ಕೇಳುತ್ತಾಳೆ. “ಪಕ್ಕದ ಮನೆಯಲ್ಲಿ ಮಾಡಿದರಾಯಿತಮ್ಮ” ಎನ್ನುವುದು ಮಗನಿಗೆ ಸುಲಭ. ಆದರೆ ಮುಪ್ಪಿನಲ್ಲಿ ಮನುಷ್ಯನು ಕೊನೆಯವರೆಗೆ ಬಿಡಲೊಲ್ಲದ ಮಾನವೊಂದಿದ್ದರೆ ಅದು ತನ್ನ ಬಾಗಿಲನ್ನು ತಾನೇ ಹಾಕಿಕೊಂಡು ಮೀಯುವ ಮಾನ. ಅದನ್ನು ನೆರೆಮನೆಯಿಂದ ಎರವಲು ತರಲಾಗುವುದಿಲ್ಲ.

ಆದುದರಿಂದ ಸಿದ್ಧತೆಯಲ್ಲಿ ಮೊದಲನೆಯದು ಬಾಲಾಲಯ. ಮನೆಯಲ್ಲಿ ಎರಡು ಬಚ್ಚಲಿದ್ದರೆ ಒಂದೊಂದಾಗಿ ಕೆಡವಬೇಕು. ಒಂದೇ ಇದ್ದರೆ ಹಿಂಬದಿಯ ನೀರಿನ ಹರಿವಿರುವ ಜಾಗಕ್ಕೆ ಗಟ್ಟಿಯಾದ ಮರೆ ಕಟ್ಟಿ, ಜಾರದ ಹಾಸು, ಕುಳಿತುಕೊಳ್ಳಲು ಒಂದು ಮಣೆ, ಹಿಡಿದುಕೊಳ್ಳಲು ಆಸರೆ, ರಾತ್ರಿಗೆ ದೀಪ ಇವುಗಳನ್ನು ಒದಗಿಸಬೇಕು. ಶೌಚಕ್ಕೂ ಹತ್ತಿರದಲ್ಲೇ ಏರ್ಪಾಡಿರಬೇಕು. ಇರುಳಿನಲ್ಲಿ ಮೆಟ್ಟಿಲಿಳಿಸುವ ಏರ್ಪಾಡು ಮುದುಕರಿಗೆ ಏರ್ಪಾಡಲ್ಲ.

ಎರಡನೆಯದು ನೀರು. 2024ರ ಬೇಸಗೆಯಲ್ಲಿ ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ದಾರಿ ನೋಡುವುದೇ ಜನರ ಕಸುಬಾಯಿತು. ಗಾರೆಯ ಕೆಲಸಕ್ಕೆ ನೀರು ಬೇಕು, ಕಟ್ಟಿದ್ದು ಗಟ್ಟಿಯಾಗಲು ನೀರು ಬೇಕು. ನೀರು ಜಿನುಗದಂತೆ ನೆಲಕ್ಕೆ ಲೇಪ ಬಳಿದ ಮೇಲೆ ಒಂದೆರಡು ದಿನ ನೀರು ಕಟ್ಟಿ ನಿಲ್ಲಿಸಿ ಪರೀಕ್ಷಿಸಲೂ ಬೇಕು. ಆಗ ಕೆಳಗಿನ ಮನೆಯವರ ಚಾವಣಿಯನ್ನು ನೋಡಿಬರುವುದು ಮರ್ಯಾದೆಯೂ ಹೌದು, ಜಾಣತನವೂ ಹೌದು. ಕೊಳಾಯಿಯನ್ನು ನಿಲ್ಲಿಸುವ ತಿರುಪು ಎಲ್ಲಿದೆ, ಅದು ತಿರುಗುತ್ತದೆಯೇ ಎಂಬುದನ್ನು ಸುತ್ತಿಗೆ ಏಳುವ ಮೊದಲೇ ಅರಿತಿರಬೇಕು. ಗೋಡೆಯೊಳಗೆ ಹುದುಗುವ ಕೊಳವೆಗಳ ಚಿತ್ರವನ್ನು ಮುಚ್ಚುವ ಮುನ್ನ ತೆಗೆದಿಡಬೇಕು.

ಮೂರನೆಯದು ಧೂಳು. ಅದು ಬಾಗಿಲಿನ ಸಂದಿಯಲ್ಲಿ ನುಸುಳಿ ಅಕ್ಕಿಯ ಡಬ್ಬಿಯವರೆಗೆ ಹೋಗುತ್ತದೆ. ಹಾಸಿಗೆ, ಪುಸ್ತಕ, ದೇವರ ಗೂಡು ಎಲ್ಲಕ್ಕೂ ಮುಸುಕು ಬೇಕು. ಕೆಮ್ಮುಳ್ಳವರನ್ನು ಒಡೆಯುವ ದಿನಗಳಲ್ಲಿ ಬಂಧುಗಳ ಮನೆಗೆ ಕಳುಹಿಸುವುದು ಲೇಸು.

ಇನ್ನು ಒಡೆದ ಇಟ್ಟಿಗೆ ಗಾರೆಗಳ ಮಾತು. ಕಟ್ಟಡದ ಅವಶೇಷಗಳ ವಿಲೇವಾರಿಗೆ ಕೇಂದ್ರ ಸರ್ಕಾರವು 2016ರಲ್ಲಿ ಪ್ರತ್ಯೇಕ ನಿಯಮಗಳನ್ನೇ ಹೊರಡಿಸಿತು. ಅವುಗಳನ್ನು ಇರುಳಿನಲ್ಲಿ ಕೆರೆಯಂಗಳಕ್ಕೆ ಸುರಿಯುವವನು ತನ್ನ ಬಚ್ಚಲನ್ನು ಚೊಕ್ಕಟಗೊಳಿಸಿ ಊರ ಬಚ್ಚಲನ್ನು ಕೆಡಿಸಿದವನು. ಎಲ್ಲಿಗೆ ಒಯ್ಯುವರೆಂಬುದನ್ನು ಗಾಡಿಯವನಿಗೆ ಬಾಡಿಗೆ ಗೊತ್ತುಮಾಡುವಾಗಲೇ ಕೇಳತಕ್ಕದ್ದು.

ಹೊಸ ಬಚ್ಚಲು ಹೇಗಿರಬೇಕೆಂಬುದನ್ನು ಆ ತಾಯಿಯ ಪ್ರಶ್ನೆಯೇ ನಿರ್ಣಯಿಸುತ್ತದೆ. ನುಣುಪು ಬಿಲ್ಲೆಗಿಂತ ಒರಟು ಬಿಲ್ಲೆ. ನೂರು ಅಂಗುಲಕ್ಕೆ ಒಂದಂಗುಲವಾದರೂ ಮೋರಿಯ ಕಡೆಗೆ ಇಳಿಜಾರು. ಹೊಸ್ತಿಲು ಎಡವದಷ್ಟು ತಗ್ಗು. ಒಳಗೆ ಬಿದ್ದವರನ್ನು ಎತ್ತಲಾಗುವಂತೆ ಹೊರಕ್ಕೆ ತೆರೆಯುವ ಬಾಗಿಲು. ಕೈಯಾಸರೆಗೆ ಗೋಡೆಯಲ್ಲಿ ಬಲವಾಗಿ ನೆಟ್ಟ ಕಂಬಿ. ಹಂಡೆಗೆ ಅಲ್ಲಿ ಒಲೆಯಿರಲಾರದು. ಆದರೂ ಅದನ್ನು ತೂಕಕ್ಕೆ ಹಾಕುವ ಮೊದಲು ಆಕೆಯನ್ನೊಮ್ಮೆ ಕೇಳುವುದು ಯೋಗ್ಯ. ಮನೆಯ ಮಕ್ಕಳೆಲ್ಲ ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ಹಚ್ಚಿಸಿಕೊಂಡು ಮಿಂದದ್ದು ಅದರ ನೀರಿನಲ್ಲಿ.

ಇಷ್ಟಾದ ಮೇಲೆ ಮೇಸ್ತ್ರಿಯು ಬರಲಿ. ಮನೆಯ ಅತ್ಯಂತ ದುರ್ಬಲರಾದವರಿಗೆ ಮರುದಿನದ ಬಿಸಿನೀರು ಎಲ್ಲಿ ದೊರೆಯುವುದೆಂಬುದು ಹಿಂದಿನ ಸಂಜೆಯೇ ತಿಳಿದಿದ್ದರೆ, ಆ ಮನೆಯು ಸಿದ್ಧವಾಗಿದೆಯೆಂದು ತಿಳಿಯಬಹುದು.