ತೆರೆದ ಕೋಡೂ ಮುಚ್ಚಿದ ಆಟವೂ

ಆಪರೇಟಿಂಗ್ ಸಿಸ್ಟಮ್ ಎಂಬುದು ಕಂಪ್ಯೂಟರಿನ ಯಂತ್ರಭಾಗಕ್ಕೂ ಅದರ ಮೇಲೆ ಓಡುವ ತಂತ್ರಾಂಶಗಳಿಗೂ ನಡುವೆ ನಿಂತು ವ್ಯವಹಾರ ನಡೆಸುವ ಮೂಲ ತಂತ್ರಾಂಶ. ಪ್ರೊಸೆಸರಿನ ಸಮಯವನ್ನು ಯಾವ ಕೆಲಸಕ್ಕೆ ಎಷ್ಟು ಹಂಚಬೇಕು, ಮೆಮೊರಿಯಲ್ಲಿ ಯಾವುದಕ್ಕೆ ಎಲ್ಲಿ ಜಾಗ ಕೊಡಬೇಕು, ಡಿಸ್ಕಿನಲ್ಲಿ ಕಡತಗಳನ್ನು ಹೇಗೆ ಜೋಡಿಸಿಡಬೇಕು, ಕೀಬೋರ್ಡಿನಲ್ಲಿ ಒತ್ತಿದ ಅಕ್ಷರ ಯಾವ ಕಿಟಕಿಗೆ ಹೋಗಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ. ಮದುವೆಮನೆಯಲ್ಲಿ ಉಗ್ರಾಣದ ಬೀಗದ ಕೈ ಇಟ್ಟುಕೊಂಡು ಓಡಾಡುವ ಹಿರಿಯರ ಹಾಗೆ, ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ತಿರುಳಿನ ಹೆಸರು ಕರ್ನೆಲ್. ಯಂತ್ರದ ಎಲ್ಲ ಭಾಗಗಳ ಮೇಲೂ ಪೂರ್ಣ ಅಧಿಕಾರ ಇರುವುದು ಕರ್ನೆಲ್‌ಗೆ ಮಾತ್ರ. ಉಳಿದ ತಂತ್ರಾಂಶಗಳೆಲ್ಲ ಅದನ್ನು ಕೇಳಿಯೇ ಕೆಲಸ ಮಾಡಬೇಕು.

ಕಾಲೇಜು ವಿದ್ಯಾರ್ಥಿಗಳಲ್ಲಿ ಈ ವಿಷಯದ ಮಾತು ಎದ್ದಾಗ ಮೂರು ಅಭಿಪ್ರಾಯಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಆಟಕ್ಕೆ ವಿಂಡೋಸ್, ಲ್ಯಾಬಿಗೆ ಲಿನಕ್ಸ್ ಎಂಬುದು ಮೊದಲನೆಯದು. ಓಪನ್ ಸೋರ್ಸ್ ಎಂದರೆ ಪುಕ್ಕಟೆ ಸಿಗುವ ತಂತ್ರಾಂಶ ಎಂಬುದು ಎರಡನೆಯದು. ಕೋಡನ್ನು ಎಲ್ಲರಿಗೂ ತೆರೆದಿಟ್ಟರೆ ಮೋಸಗಾರರಿಗೆ ದಾರಿ ಮಾಡಿಕೊಟ್ಟಂತೆ ಎಂಬುದು ಮೂರನೆಯದು. ಮೂರರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಮೂರೂ ಅರ್ಧಕ್ಕೆ ನಿಂತ ಮಾತುಗಳು. ಇವನ್ನು ಅಳೆಯಲು ಇತಿಹಾಸವೇ ಒಳ್ಳೆಯ ಅಳತೆಗೋಲು.

ಆಟವೂ ಆಪರೇಟಿಂಗ್ ಸಿಸ್ಟಮ್ಮೂ ಬೇರೆ ಬೇರೆ ಲೋಕಗಳಲ್ಲ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕೆನ್ ಥಾಂಪ್ಸನ್, ಸೌರಮಂಡಲದಲ್ಲಿ ನೌಕೆ ನಡೆಸುವ ‘ಸ್ಪೇಸ್ ಟ್ರಾವೆಲ್’ ಎಂಬ ಆಟ ಬರೆದರು. ದೊಡ್ಡ ಕಂಪ್ಯೂಟರಿನಲ್ಲಿ ಅದನ್ನು ಒಂದು ಸಲ ಆಡಿದರೆ ಸುಮಾರು 75 ಡಾಲರ್ ಬೆಲೆಯ ಯಂತ್ರಸಮಯ ಖರ್ಚಾಗುತ್ತಿತ್ತು. ಹಾಗಾಗಿ ಹೆಚ್ಚು ಬಳಕೆಯಲ್ಲಿಲ್ಲದ ಪಿಡಿಪಿ-7 ಎಂಬ ಚಿಕ್ಕ ಯಂತ್ರವೊಂದನ್ನು ಹುಡುಕಿ, ಆಟವನ್ನು ಅಲ್ಲಿಗೆ ಸಾಗಿಸಿದರು. ಆ ಯಂತ್ರದ ಒಳಹೊರಗು ಅವರ ಕೈಗೆ ಹತ್ತಿದ್ದು ಈ ಕೆಲಸದಲ್ಲಿ. ಸ್ವಲ್ಪ ಸಮಯದಲ್ಲೇ ಅದೇ ಯಂತ್ರದ ಮೇಲೆ ಯುನಿಕ್ಸ್ ಹುಟ್ಟಿತು. ಇಂದಿನ ಲಿನಕ್ಸ್, ಮ್ಯಾಕ್‌ಓಎಸ್, ಆಂಡ್ರಾಯ್ಡ್, ಐಓಎಸ್ ಎಲ್ಲವೂ ಯುನಿಕ್ಸ್ ತೋರಿಸಿದ ದಾರಿಯಲ್ಲೇ ನಡೆದವು.

ಲಿನಕ್ಸ್‌ನ ಹುಟ್ಟು ಒಬ್ಬ ಕಾಲೇಜು ವಿದ್ಯಾರ್ಥಿಯ ಕೋಣೆಯಲ್ಲಾಯಿತು. ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನುಸ್ ಟೋರ್ವಾಲ್ಡ್ಸ್‌ಗೆ 1991ರಲ್ಲಿ 21 ವರ್ಷ. ಆ ವರ್ಷದ ಜನವರಿಯಲ್ಲಿ ಅವರು ಇಂಟೆಲ್ 386 ಪ್ರೊಸೆಸರಿನ ಕಂಪ್ಯೂಟರ್ ಕೊಂಡರು. ಪಾಠಕ್ಕೆಂದು ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ರೂಪಿಸಿದ್ದ ಮಿನಿಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ಮನ್ನು ಅದರಲ್ಲಿ ಹಾಕಿಕೊಂಡರು. ಅದು ಬರುವವರೆಗೆ ‘ಪ್ರಿನ್ಸ್ ಆಫ್ ಪರ್ಶಿಯಾ’ ಆಡುತ್ತಿದ್ದರು. ಆಮೇಲೆ ಪ್ರೊಸೆಸರಿನ ಕೆಲಸದ ರೀತಿ ತಿಳಿಯಬೇಕೆಂದು ಒಂದು ಪ್ರಯೋಗ ನಡೆಸಿದರು. ಒಂದು ಕೆಲಸ ಪರದೆಯ ಮೇಲೆ ‘ಎ’ ಅಕ್ಷರವನ್ನೇ ಬರೆಯುತ್ತಾ ಹೋಗಬೇಕು, ಇನ್ನೊಂದು ‘ಬಿ’ ಅಕ್ಷರವನ್ನೇ ಬರೆಯುತ್ತಾ ಹೋಗಬೇಕು, ಗಡಿಯಾರದ ಸಂಕೇತ ಬಂದಾಗಲೆಲ್ಲ ಸರದಿ ಬದಲಾಗಬೇಕು. ಪರದೆಯ ಮೇಲೆ ಎ-ಗಳ ಸಾಲು, ಅದರ ಹಿಂದೆ ಬಿ-ಗಳ ಸಾಲು ಮೂಡಿತು. ಒಂದೇ ಪ್ರೊಸೆಸರು ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುತ್ತಿರುವಂತೆ ಕಾಣಿಸುವ ವಿದ್ಯೆಯ ಮೊದಲ ಪಾಠ ಅದು.

ಅಲ್ಲಿಂದ ಮುಂದೆ ಎರಡು ಕೆಲಸಗಳಲ್ಲಿ ಒಂದು ಕೀಬೋರ್ಡಿನಿಂದ ಓದಿ ಮೋಡೆಮ್‌ಗೆ ಕಳಿಸುವಂತೆಯೂ, ಇನ್ನೊಂದು ಮೋಡೆಮ್‌ನಿಂದ ಓದಿ ಪರದೆಗೆ ಬರೆಯುವಂತೆಯೂ ಆಯಿತು. ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಮನೆಯಿಂದಲೇ ಸಂಪರ್ಕ ಸಿಕ್ಕಿತು. ಕಡತಗಳನ್ನು ಇಳಿಸಿಕೊಳ್ಳಲು ಡಿಸ್ಕಿನ ಡ್ರೈವರ್ ಬೇಕಾಯಿತು. ಅವನ್ನು ಇಡಲು ಫೈಲ್ ಸಿಸ್ಟಮ್ ಬೇಕಾಯಿತು. ಅಗತ್ಯ ಬಂದಂತೆ ಒಂದೊಂದೇ ಅಂಗ ಬೆಳೆದು, ಅದು ಆಪರೇಟಿಂಗ್ ಸಿಸ್ಟಮ್ ಆಯಿತು. 1991ರ ಆಗಸ್ಟ್ 25ರಂದು ಟೋರ್ವಾಲ್ಡ್ಸ್ ಮಿನಿಕ್ಸ್ ಬಳಕೆದಾರರಿಗೆ ಈ ಸುದ್ದಿ ತಿಳಿಸಿ, ಇದು ಬರೀ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ ಎಂದರು. ಸೆಪ್ಟೆಂಬರಿನಲ್ಲಿ ಬಂದ ಮೊದಲ ಆವೃತ್ತಿಯಲ್ಲಿ ಸುಮಾರು 10,000 ಸಾಲುಗಳ ಕೋಡ್ ಇತ್ತು.

ಮರುವರ್ಷದ ಜನವರಿಯಲ್ಲಿ ಟಾನೆನ್‌ಬಾಮ್ ಲಿನಕ್ಸ್ ಹಳೆಯ ಕಾಲದ ವಿನ್ಯಾಸ ಎಂದು ಟೀಕಿಸಿದರು. ಕರ್ನೆಲ್ ಚಿಕ್ಕದಾಗಿರಬೇಕು, ಡ್ರೈವರುಗಳು ಮತ್ತು ಫೈಲ್ ಸಿಸ್ಟಮ್ ಅದರ ಹೊರಗೆ ಬೇರೆಬೇರೆಯಾಗಿ ನಡೆಯಬೇಕು ಎಂಬುದು ಅವರ ವಾದ. ಎಲ್ಲವನ್ನೂ ಒಂದೇ ಕರ್ನೆಲ್ಲಿನೊಳಗೆ ಇಟ್ಟರೆ ವೇಗವೂ ಸರಳತೆಯೂ ಸಿಗುತ್ತದೆ ಎಂಬುದು ವಿದ್ಯಾರ್ಥಿಯ ವಾದ. ಹೆಸರಾಂತ ಪಠ್ಯಪುಸ್ತಕ ಬರೆದ ಪ್ರಾಧ್ಯಾಪಕರಿಗೆ ಇಪ್ಪತ್ತೆರಡರ ವಿದ್ಯಾರ್ಥಿ ನೇರವಾಗಿ ಉತ್ತರ ಕೊಟ್ಟ. ಆ ಮಾತಿಗೆ ತೂಕ ಬಂದದ್ದು ಬಾಯಿಯ ಜೋರಿನಿಂದಲ್ಲ. ಅದರ ಬೆನ್ನಿಗೆ ಓಡುವ ಕೋಡ್ ಇತ್ತು, ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದಾಗಿತ್ತು. 2017ರ ನವೆಂಬರಿನಿಂದ ಜಗತ್ತಿನ 500 ಅತಿ ವೇಗದ ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ ಎಲ್ಲವೂ ಲಿನಕ್ಸ್ ಮೇಲೆಯೇ ನಡೆಯುತ್ತಿವೆ. ಪ್ರಾಧ್ಯಾಪಕರ ವಾದವೂ ವ್ಯರ್ಥವಾಗಲಿಲ್ಲ: ಇಂಟೆಲ್ ತನ್ನ ಚಿಪ್‌ಗಳೊಳಗಿನ ನಿರ್ವಹಣಾ ಭಾಗಕ್ಕೆ ಮಿನಿಕ್ಸನ್ನೇ ಆರಿಸಿಕೊಂಡಿತು.

ಎರಡನೆಯ ಅಭಿಪ್ರಾಯದ ವಿಚಾರ ಹೀಗಿದೆ. 1983ರ ಸೆಪ್ಟೆಂಬರಿನಲ್ಲಿ ರಿಚರ್ಡ್ ಸ್ಟಾಲ್‌ಮನ್ ಮುಕ್ತ ತಂತ್ರಾಂಶಗಳನ್ನು ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದರು. ಅದರ ಬೆನ್ನೆಲುಬು 1989ರಲ್ಲಿ ಬಂದ ಜಿಪಿಎಲ್ ಎಂಬ ಪರವಾನಗಿ. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವ, ಒಳಗೆ ಏನಿದೆಯೆಂದು ಓದಿ ಬದಲಾಯಿಸುವ, ಇತರರಿಗೆ ಹಂಚುವ, ಬದಲಾಯಿಸಿದ್ದನ್ನೂ ಹಂಚುವ ಹಕ್ಕುಗಳನ್ನು ಅದು ಕೊಡುತ್ತದೆ. ಹಂಚುವವರು ಇದೇ ಹಕ್ಕುಗಳನ್ನು ಪಡೆದವರಿಗೂ ಬಿಟ್ಟುಕೊಡಬೇಕು ಎಂಬುದೊಂದೇ ಅದರ ಮುಖ್ಯ ಕಟ್ಟುಪಾಡು. ಲಿನಕ್ಸ್ 1992ರಲ್ಲಿ ಈ ಪರವಾನಗಿಗೆ ಬಂತು. ಈ ಹಕ್ಕುಗಳಲ್ಲಿ ಎಲ್ಲೂ ಬೆಲೆಯ ಮಾತಿಲ್ಲ. ಓಪನ್ ಸೋರ್ಸ್ ಮಾರಬಹುದು, ಅದಕ್ಕೆ ಸೇವೆ ಒದಗಿಸಿ ಹಣ ಗಳಿಸಬಹುದು. ಲಿನಕ್ಸ್ ಆಧಾರದ ಮೇಲೆ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ ಸುಮಾರು 3,400 ಕೋಟಿ ಡಾಲರಿಗೆ ಕೊಂಡಿತು. ವಿದ್ಯಾರ್ಥಿಗೆ ಇದರಲ್ಲಿ ಸಿಗುವ ನಿಜವಾದ ಲಾಭ ಉಳಿದ ದುಡ್ಡಲ್ಲ, ಒಳಗೆ ನೋಡುವ ಹಕ್ಕು.

ಕನ್ನಡದ ಮಟ್ಟಿಗೆ ಈ ಹಕ್ಕು ಬಹಳ ದೊಡ್ಡದು. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಕಂಪ್ಯೂಟರ್ ಆರು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ. ಈ ಆರನ್ನೂ ಒಟ್ಟುಗೂಡಿಸಿ, ಒತ್ತಕ್ಷರಗಳನ್ನು ಕೆಳಗೆ ತಂದು, ಈಕಾರವನ್ನು ಸರಿಯಾದ ಜಾಗದಲ್ಲಿ ಕೂರಿಸಬೇಕು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ತಂತ್ರಾಂಶ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ಕಗಪ ವಿನ್ಯಾಸ ಇಂದು ಲಿನಕ್ಸ್ ಹಾಕಿಕೊಂಡ ಕಂಪ್ಯೂಟರಿನಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಆರಿಸಿಕೊಂಡರೆ ಸಾಕು. ಮುಚ್ಚಿದ ತಂತ್ರಾಂಶದಲ್ಲಿ ಒತ್ತಕ್ಷರ ತಪ್ಪಾಗಿ ಮೂಡಿದರೆ ಕಂಪನಿಗೆ ಬರೆದು ಕಾಯಬೇಕು. ತೆರೆದ ತಂತ್ರಾಂಶದಲ್ಲಿ ಕನ್ನಡ ಬಲ್ಲ ವಿದ್ಯಾರ್ಥಿಯೇ ದೋಷವನ್ನು ಹುಡುಕಿ ತಿದ್ದುಪಡಿ ಕಳಿಸಬಹುದು, ಮತ್ತು ಅದು ಎಲ್ಲ ಕನ್ನಡಿಗರ ಪರದೆಗೂ ತಲುಪುತ್ತದೆ.

ಮೂರನೆಯ ಅಭಿಪ್ರಾಯ ಬಲವಾಗಿ ಕಾಣುವುದು ಆನ್‌ಲೈನ್ ಆಟಗಳಲ್ಲಿ. ಇಂಥ ಆಟದಲ್ಲಿ ಆಟಗಾರನ ಕಂಪ್ಯೂಟರು ಕ್ಲೈಂಟ್. ಎಲ್ಲರ ಚಲನೆಯನ್ನೂ ಸೇರಿಸಿ ತೀರ್ಪು ಕೊಡುವುದು ದೂರದ ಸರ್ವರ್. ಇವೆರಡರ ನಡುವೆ ಸಂದೇಶ ಹೋಗಿ ಬರುವ ಸಮಯವನ್ನೇ ಹುಡುಗರು ಪಿಂಗ್ ಎನ್ನುತ್ತಾರೆ. ಆಪ್ಟಿಕಲ್ ಫೈಬರಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಸರ್ವರ್ 1,000 ಕಿಲೋಮೀಟರ್ ದೂರದಲ್ಲಿದ್ದರೆ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡ್. ಬೆಂಗಳೂರಿನಿಂದ ಸಿಂಗಪುರಕ್ಕಾದರೆ 30ಕ್ಕೂ ಹೆಚ್ಚು. ಇದು ಭೌತಶಾಸ್ತ್ರ ಹಾಕಿದ ಮಿತಿ. ಎಷ್ಟು ದುಬಾರಿ ಕಂಪ್ಯೂಟರ್ ಕೊಂಡರೂ ಇದಕ್ಕಿಂತ ಇಳಿಯದು. ಉತ್ತರ ಬರುವವರೆಗೆ ಪರದೆ ಕಾಯುತ್ತಾ ನಿಂತರೆ ಆಟ ಕೆಡುತ್ತದೆ. ಅದಕ್ಕಾಗಿ ಕ್ಲೈಂಟ್ ಮುಂದೇನಾಗಬಹುದೆಂದು ತಾನೇ ಊಹಿಸಿ ಚಿತ್ರ ತೋರಿಸಿ, ಸರ್ವರಿನ ತೀರ್ಪು ಬಂದಾಗ ತಿದ್ದಿಕೊಳ್ಳುತ್ತದೆ. 1996ರಲ್ಲಿ ‘ಕ್ವೇಕ್’ ಆಟದ ಆನ್‌ಲೈನ್ ರೂಪವಾದ ‘ಕ್ವೇಕ್‌ವರ್ಲ್ಡ್’ ಈ ತಂತ್ರವನ್ನು ಜನಪ್ರಿಯಗೊಳಿಸಿತು.

1999ರ ಡಿಸೆಂಬರಿನಲ್ಲಿ ‘ಕ್ವೇಕ್’ ಆಟದ ಕೋಡನ್ನು ಜಿಪಿಎಲ್ ಅಡಿ ಬಿಡುಗಡೆ ಮಾಡಿದಾಗ, ಕ್ಲೈಂಟನ್ನು ತಿದ್ದಿ ಮೋಸದಿಂದ ಗೆಲ್ಲುವವರು ಕೂಡಲೇ ಹುಟ್ಟಿಕೊಂಡರು. ತೆರೆದಿಟ್ಟದ್ದೇ ತಪ್ಪಾಯಿತು ಎಂದವರು ಹಲವರು. ಆದರೆ ತಪ್ಪು ಬೇರೆಡೆ ಇತ್ತು. ವೇಗಕ್ಕಾಗಿ ಸರ್ವರ್ ತನ್ನ ಆಟಗಾರನಿಗೆ ಬೇಕಾದುದಕ್ಕಿಂತ ಹೆಚ್ಚಿನ ಮಾಹಿತಿ ಕಳಿಸುತ್ತಿತ್ತು, ಕ್ಲೈಂಟ್ ಹೇಳಿದ್ದನ್ನು ಬಹುಮಟ್ಟಿಗೆ ನಂಬುತ್ತಿತ್ತು. ಕೋಡ್ ಮುಚ್ಚಿದ್ದರೂ ಈ ದೋಷ ಇದ್ದೇ ಇರುತ್ತಿತ್ತು. ಬಳಕೆದಾರನ ಕೈಯಲ್ಲಿರುವ ಯಂತ್ರವನ್ನು ಸರ್ವರ್ ನಂಬಬಾರದು ಎಂಬ ಪಾಠವನ್ನು ಆ ಬಿಡುಗಡೆ ಎತ್ತಿ ತೋರಿಸಿತು.

ಇಂದಿನ ಹಲವು ಕಂಪನಿಗಳು ಹಿಡಿದದ್ದು ಇನ್ನೊಂದು ದಾರಿ. ಮೋಸ ತಡೆಯುವ ಆಂಟಿ-ಚೀಟ್ ತಂತ್ರಾಂಶವನ್ನು ಆಟಗಾರನ ಕಂಪ್ಯೂಟರಿನ ಕರ್ನೆಲ್ಲಿನೊಳಗೇ ಕೂರಿಸುತ್ತವೆ. ‘ವ್ಯಾಲೊರಂಟ್’ ಆಟದ ವ್ಯಾನ್‌ಗಾರ್ಡ್ ಇದಕ್ಕೆ ಹೆಸರಾದ ಉದಾಹರಣೆ. ಮೋಸಗಾರರು ಕಡಿಮೆಯಾಗುತ್ತಾರೆ ಎಂಬುದು ನಿಜ. ಆದರೆ ಒಂದು ಆಟಕ್ಕಾಗಿ ಇಡೀ ಯಂತ್ರದ ಅಧಿಕಾರವನ್ನು ಯಾರೂ ಓದಲಾಗದ ಕೋಡಿಗೆ ಒಪ್ಪಿಸಬೇಕಾಗುತ್ತದೆ. ಕರ್ನೆಲ್ ಮಟ್ಟದಲ್ಲಿ ಒಂದು ತಪ್ಪಾದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 19 ತೋರಿಸಿತು. ಆಟಕ್ಕೆ ಸಂಬಂಧವಿಲ್ಲದ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದು ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದವು. ಭಾರತದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು.

ತೆರೆದ ಕೋಡಿಗೂ ಅಪಾಯ ತಪ್ಪಿದ್ದಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ‘ಎಕ್ಸ್‌ಝಡ್’ ಎಂಬ ಚಿಕ್ಕ ಓಪನ್ ಸೋರ್ಸ್ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಪತ್ತೆಯಾಯಿತು. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಕಾರಣ ಹುಡುಕುತ್ತಾ ಹೋಗಿ ಅದನ್ನು ಹಿಡಿದರು. ಕಳ್ಳಬಾಗಿಲು ಇಡಲು ಸಾಧ್ಯವಾದದ್ದು ಆ ತಂತ್ರಾಂಶವನ್ನು ನೋಡಿಕೊಳ್ಳುವ ಕೈಗಳು ಸಾಲದೇ ಇದ್ದುದರಿಂದ; ಹಿಡಿಯಲು ಸಾಧ್ಯವಾದದ್ದು ಕೋಡ್ ತೆರೆದಿದ್ದರಿಂದ. ತೆರೆದಿಟ್ಟರಷ್ಟೇ ಸಾಲದು, ಓದುವವರೂ ಇರಬೇಕು.

ಆಟಕ್ಕೆ ವಿಂಡೋಸೇ ಬೇಕು ಎಂಬ ಮೊದಲ ಅಭಿಪ್ರಾಯವಂತೂ ವರ್ಷದಿಂದ ವರ್ಷಕ್ಕೆ ಸಡಿಲವಾಗುತ್ತಿದೆ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಯೋಜನೆ 1993ರಲ್ಲಿ ಶುರುವಾಯಿತು. ಅದನ್ನು ಆಧರಿಸಿ ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ತಂದಿತು, 2022ರಲ್ಲಿ ಲಿನಕ್ಸ್ ಮೇಲೆ ನಡೆಯುವ ಸ್ಟೀಮ್ ಡೆಕ್ ಎಂಬ ಕೈಯಾಟದ ಯಂತ್ರ ಮಾರುಕಟ್ಟೆಗೆ ಬಿಟ್ಟಿತು. ವಿಂಡೋಸ್‌ಗೆಂದೇ ಬರೆದ ಸಾವಿರಾರು ಆಟಗಳು ಈಗ ಲಿನಕ್ಸ್‌ನಲ್ಲಿ ಓಡುತ್ತವೆ. ಇನ್ನೂ ಅಡ್ಡ ನಿಂತಿರುವುದು ಮುಖ್ಯವಾಗಿ ಕರ್ನೆಲ್‌ನೊಳಗೆ ಕೂರುವ ಆಂಟಿ-ಚೀಟ್. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ಮುಗಿದ ಮೇಲೆ, ವಿಂಡೋಸ್ 11ರ ಷರತ್ತುಗಳಿಗೆ ಹೊಂದದ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್‌ನಂಥದ್ದು ಮರುಜೀವ ಕೊಡಬಲ್ಲದು. ಮನೆಯವರು ಕಷ್ಟಪಟ್ಟು ಕೊಡಿಸಿದ ಲ್ಯಾಪ್‌ಟಾಪ್ ಇನ್ನೂ ಕೆಲವು ವರ್ಷ ಬಾಳುವುದು ವಿದ್ಯಾರ್ಥಿಗೆ ಸಣ್ಣ ಸಂಗತಿಯಲ್ಲ.

ಆನ್‌ಲೈನ್ ಆಟದಲ್ಲಿ ಹಣ ಸೇರಿದಾಗ ಮುಚ್ಚಿದ ಕೋಡಿನ ಪ್ರಶ್ನೆ ಇನ್ನಷ್ಟು ಗಂಭೀರ. ಇಸ್ಪೀಟಿನ ಎಲೆ ಕಲಸಿದ್ದು ನ್ಯಾಯವಾಗಿದೆಯೇ, ಎದುರು ಕುಳಿತವರು ಮನುಷ್ಯರೇ ಎಂದು ಪಣವಿಟ್ಟವರು ನೋಡಿ ತಿಳಿಯುವಂತಿಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಕೌಶಲದ್ದಿರಲಿ ಅದೃಷ್ಟದ್ದಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಪ್ರೋತ್ಸಾಹ ನೀಡಿತು. ಹಣವಿಲ್ಲದ ಆಟವೂ ಮಿತಿ ಮೀರಿದರೆ ಕಾಯಿಲೆಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗಾಗಿ ‘ಶಟ್’ ಎಂಬ ಚಿಕಿತ್ಸಾಲಯ ತೆರೆಯಿತು. ಇದನ್ನು ಮರೆತು ಆಟವನ್ನು ಹೊಗಳುವುದು ಸರಿಯಲ್ಲ.

ಆದರೆ ಆಟವಾಡುವವರೆಲ್ಲ ಹಾಳಾಗುತ್ತಾರೆ ಎಂಬುದೂ ಸುಳ್ಳು. ‘ಹಾಫ್-ಲೈಫ್’ ಆಟವನ್ನು ತಿದ್ದಲು ಬೇಕಾದ ಸಾಧನಗಳನ್ನು ಅದರ ಕಂಪನಿ ಹೊರಗೆ ಕೊಟ್ಟಿತ್ತು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಿನ್ ಲೆ, ಅಮೆರಿಕದ ಜೆಸ್ ಕ್ಲಿಫ್ ಜೊತೆ ಸೇರಿ 1999ರಲ್ಲಿ ‘ಕೌಂಟರ್-ಸ್ಟ್ರೈಕ್’ ಕಟ್ಟಿದ್ದು ಅವುಗಳಿಂದಲೇ. ಕಾಲೇಜು ಲ್ಯಾಬುಗಳಲ್ಲಿ ಒಂದು ತಲೆಮಾರು ಆಡಿ ಬೆಳೆದ ಆಟವನ್ನು ಕಟ್ಟಿದವರೂ ವಿದ್ಯಾರ್ಥಿಗಳೇ.

ಯಾವ ಆಪರೇಟಿಂಗ್ ಸಿಸ್ಟಮ್ ಹೆಚ್ಚು ಎಂಬ ವಾದಕ್ಕೆ ಕೊನೆಯಿಲ್ಲ, ಅದರಿಂದ ಹೆಚ್ಚಿನ ಪ್ರಯೋಜನವೂ ಇಲ್ಲ. ಒಳಗೆ ನೋಡಲು, ತಿದ್ದಲು, ಕಲಿಯಲು ಯಾವುದು ಬಿಡುತ್ತದೆ ಎಂಬುದೇ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ. ಆಟಕ್ಕೆಂದು ವಿಂಡೋಸ್ ಇರಲಿ, ತಪ್ಪೇನಿಲ್ಲ. ಆದರೆ ಪದವಿ ಮುಗಿಸುವ ಮೊದಲು ಒಂದು ಸಲವಾದರೂ ಲಿನಕ್ಸ್ ಹಾಕಿಕೊಂಡು, ದಿನಾ ಬಳಸುವ ಒಂದು ತಂತ್ರಾಂಶದ ಕೋಡ್ ತೆಗೆದು ಓದಿ, ಕನ್ನಡದಲ್ಲಿ ಕಂಡ ಒಂದು ತಪ್ಪನ್ನಾದರೂ ತಿದ್ದಿ ಕಳಿಸಬೇಕು. ಆಮೇಲೆ ಹೇಳುವ ಅಭಿಪ್ರಾಯಕ್ಕೆ ತೂಕವಿರುತ್ತದೆ.